ಲೆಕ್ಕಕ್ಕೆ ಬಾರದ ಒಲೆ

ಬೇರೆಯವರ ಅಡುಗೆಮನೆ ಇಣುಕಿ ನೋಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಯಾರ ಮನೆಗೆ ಹೋದರೂ ಪಡಸಾಲೆಯಲ್ಲಿ ಕೂತು ಬಾಯಿ ತುಂಬ ಕ್ಷೇಮ ಸಮಾಚಾರ ಮಾತಾಡುತ್ತಲೇ ಕಣ್ಣನ್ನು ಒಳಬಾಗಿಲಿನ ಪರದೆಯ ಸಂದಿಗೆ ಕಳಿಸಿಬಿಡುತ್ತೇನೆ. ಡಬ್ಬಿಗಳನ್ನು ಹೇಗೆ ಜೋಡಿಸಿದ್ದಾರೆ, ರೊಟ್ಟಿಯ ಹಂಚು ಕಬ್ಬಿಣದ್ದೋ ಮಣ್ಣಿನದೋ, ಗ್ಯಾಸು ಬಂದ ಮೇಲೂ ಹಳೆಯ ಒಲೆಯನ್ನು ಉಳಿಸಿಕೊಂಡಿದ್ದಾರೋ ಇಲ್ಲವೋ, ಇಷ್ಟನ್ನು ನೋಡದೆ ಎದ್ದು ಬಂದರೆ ಆ ಮನೆಗೆ ಹೋದಂತೆಯೇ ಅನ್ನಿಸುವುದಿಲ್ಲ. ಇದಕ್ಕಾಗಿ ನಮ್ಮವ್ವ ನನ್ನ ತೊಡೆ ಚಿವುಟಿದ್ದುಂಟು. ಮದುವೆಯಾದ ಮೇಲೆ ಆ ಕೆಲಸವನ್ನು ನಮ್ಮ ಮನೆಯವರು ಬರೀ ಕಣ್ಣಲ್ಲೇ ಮಾಡಿ ಮುಗಿಸುತ್ತಿದ್ದರು. ಹೀಗೆ ಐವತ್ತು ವರ್ಷ ಬೈಸಿಕೊಂಡ ಮೇಲೆ ಕೊನೆಗೂ ಸರ್ಕಾರ ನನ್ನ ಯೋಗ್ಯತೆಯನ್ನು ಗುರುತಿಸಿತು. ಕೊರಳಿಗೊಂದು ಗುರುತಿನ ಚೀಟಿ ಹಾಕಿ, ಕೈಗೊಂದು ಪುಸ್ತಕ ಕೊಟ್ಟು, ಉತ್ತರ ತುಂಬಲು ಫೋನಿಗೊಂದು ಆ್ಯಪ್ ಹಾಕಿಸಿ, ಹೋಗಮ್ಮ, ಮನೆಮನೆಯ ಅಡುಗೆ ವಿಚಾರಿಸಿಕೊಂಡು ಬಾ ಎಂದು ಕಳಿಸಿತು. ನಾನು ಗಣತಿಗೆ ಹೋದದ್ದು ಹೀಗೆ.

ಗಣತಿ ಎಂದರೆ ತಲೆ ಎಣಿಸುವುದು ಎಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ತರಬೇತಿಯ ದಿನ ಕೂಡ್ಲಿಗಿಯ ಆ ಸೆಕೆಯ ಹಾಲಿನಲ್ಲಿ ಕೂತು ಪುಸ್ತಕ ಬಿಡಿಸಿದಾಗ ಗೊತ್ತಾಯಿತು, ತಲೆಗಿಂತ ಮೊದಲು ಎಣಿಸಬೇಕಾದ್ದು ಮನೆಯನ್ನು. ಮನೆ ಎಂದರೆ ಗೋಡೆಯಲ್ಲ, ಚಾವಣಿಯಲ್ಲ, ಬಾಗಿಲೂ ಅಲ್ಲ. ಒಂದು ಅಡುಗೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಒಂದೇ ಸೂರಿನ ಕೆಳಗೆ ಅಡುಗೆ ಎರಡಾದರೆ ಕುಟುಂಬವೂ ಎರಡು. ಅಷ್ಟೇ. ಸಂಸಾರ ಎಂದರೇನು ಎಂದು ದೊಡ್ಡವರೆಲ್ಲ ತಲೆ ಕೆಡಿಸಿಕೊಂಡು ಗಡ್ಡ ಬಿಟ್ಟು ಕಾಡು ಸೇರಿದ ದೇಶದಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಎರಡೇ ಸಾಲಿನಲ್ಲಿ ಅದನ್ನು ಹೇಳಿ ಮುಗಿಸಿದ್ದ. ಅವನು ಹೊಟ್ಟೆ ಹಸಿದಾಗಲೇ ಬರೆದಿರಬೇಕು ಎಂದು ನನ್ನ ಗುಮಾನಿ. ನಮ್ಮ ಇತಿಹಾಸದ ಮೇಷ್ಟ್ರೊಬ್ಬರು ಅರಸರ ಕಾಲದಲ್ಲಿ ಒಲೆಯ ಮೇಲೂ ತೆರಿಗೆ ಇತ್ತು ಎನ್ನುತ್ತಿದ್ದರು. ಅದು ನಿಜವೋ, ನಿದ್ದೆ ಮಾಡುತ್ತಿದ್ದ ನಮ್ಮನ್ನು ಎಬ್ಬಿಸಲು ಹೇಳಿದ್ದೋ ಗೊತ್ತಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಪಾಲಾದರು ಎನ್ನುವುದಕ್ಕೆ ಇವತ್ತಿಗೂ 'ಒಲಿ ಬ್ಯಾರಿ ಆದವು' ಎಂದೇ ಅನ್ನುತ್ತಾರೆ. ಹೊಲ ಆಮೇಲೆ, ಪತ್ರ ಆಮೇಲೆ, ಮೊದಲು ಒಲೆ.

ನನ್ನ ಪಾಲಿಗೆ ಬಂದದ್ದು ನಾನು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿರುವ ಊರೇ. ಹೆಸರು ಹೇಳುವುದಿಲ್ಲ, ಆ ಊರಿನವರಿಗೆಲ್ಲ ಫೋನಿದೆ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಯ ಬಸ್ಸು ಹತ್ತಿ, ಕ್ರಾಸಿನಲ್ಲಿಳಿದು, ಶೇಂಗಾ ಮತ್ತು ಮೆಕ್ಕೆಜೋಳದ ಹೊಲಗಳ ನಡುವೆ ಒಂದಿಷ್ಟು ದೂರ ನಡೆದರೆ ಸಿಗುತ್ತದೆ. ನೋಡಲು ಸಣ್ಣ ಊರು. ಅಗಸೆಯಲ್ಲಿ ನಿಂತು ಜೋರಾಗಿ ಸೀನಿದರೆ ಕೊನೆಯ ಮನೆಯವರು ಯಾರದು ಎಂದು ಕೇಳುತ್ತಾರೆ. ಆದರೆ ಅಷ್ಟರೊಳಗೆ ನಾಯಕರ ಓಣಿ ಇದೆ, ಅದೇ ದೊಡ್ಡದು. ಲಿಂಗಾಯತರದೊಂದು ಓಣಿ, ಕುರುಬರದೊಂದು. ಹಳ್ಳದ ಬದಿಯಲ್ಲಿ ಮಾದಿಗರ ಮತ್ತು ಛಲವಾದಿಗಳ ಮನೆಗಳು. ಅಲ್ಲಿ ಈಗ ಓಣಿಯ ಹೆಸರಿನ ಬೋರ್ಡು ಹೊಸದು, ತಾರಸಿ ಹೊಸದು, ನೌಕರಿಗೆ ಹೋಗುವವರ ಮೋಟರುಸೈಕಲ್ಲುಗಳ ಸಾಲೂ ಹೊಸದು. ಬಸ್ಸು ನಿಲ್ಲುವಲ್ಲಿ ಆರೇಳು ಮುಸಲ್ಮಾನರ ಮನೆ. ಊರಾಚೆ ತಾಂಡಾ. ಇಷ್ಟನ್ನೂ ನಾನು ಹನ್ನೊಂದು ವರ್ಷದಿಂದ ಬಲ್ಲೆ ಎಂದುಕೊಂಡಿದ್ದೆ. ಹಾಜರಿ ಪುಸ್ತಕದಲ್ಲಿ ಎಲ್ಲ ಓಣಿಯ ಮಕ್ಕಳೂ ಅಕಾರಾದಿಯಾಗಿ ಒಟ್ಟಿಗೆ ಕೂತಿರುತ್ತಾರಲ್ಲ, ಟೀಚರಿಗೆ ಊರು ಗೊತ್ತು ಎಂಬ ಭ್ರಮೆ ಅಲ್ಲಿಂದಲೇ ಹುಟ್ಟುತ್ತದೆ.

ಪ್ರಶ್ನೆ ಕೇಳುತ್ತ ಹೋದಂತೆ ಭ್ರಮೆ ಒಂದೊಂದಾಗಿ ಕಳಚಿತು. ಹುಟ್ಟಿದ ದಿನ ಕೇಳಿದರೆ ಅರ್ಧ ಊರು ಜೂನ್ ಒಂದು ಎನ್ನುತ್ತದೆ. ಶಾಲೆಗೆ ಸೇರಿಸುವಾಗ ಹಿಂದಿನ ಮೇಷ್ಟ್ರುಗಳು ಕೊಟ್ಟ ಜನ್ಮದಿನ ಅದು. ನಾನು ನಗುವ ಹಾಗಿಲ್ಲ, ಹರಪನಹಳ್ಳಿಯ ಶಾಲೆಯಲ್ಲಿ ನಾನು ಹುಟ್ಟಿದ್ದೂ ಜೂನ್ ಒಂದರಂದೇ. ಕಸುಬು ಕೇಳಿದರೆ ಒಬ್ಬನೇ ಮನುಷ್ಯ ಐದು ಹೇಳುತ್ತಾನೆ, ಫೋನಿನಲ್ಲಿ ಒಂದಕ್ಕೇ ಜಾಗ. ಮಾತೃಭಾಷೆ ಕೇಳಿದಾಗ ಪಂಪುಸೆಟ್ಟು ರಿಪೇರಿಯ ಖಾಸೀಂಸಾಬರು ಸ್ಪ್ಯಾನರನ್ನು ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು. "ಮನಿಯಾಗ ಉರ್ದು ಅಂತ ಬರಕೊಳ್ರಿ ಮೇಡಂ. ಬೋರಿನ ಮೋಟರ್ ಜೊತಿ ಮಾತ್ರ ಕನ್ನಡಾನ. ಅದಕ್ಕ ಬೈಯಾಕ ಉರ್ದು ಸಾಕಾಗಂಗಿಲ್ಲ" ಎಂದರು.

ಹಳ್ಳದ ಬದಿಯ ತಿಪ್ಪಕ್ಕನ ಮನೆಯಲ್ಲಿ ಧರ್ಮದ ಪ್ರಶ್ನೆ ಬಂತು. ಮಗ ಕರೆಂಟಿನ ಆಫೀಸಿನಲ್ಲಿದ್ದಾನೆ, ಸೊಸೆ ನರ್ಸು. ಮಗ ಬೌದ್ಧ ಎಂದು ಸ್ಪಷ್ಟವಾಗಿ ಹೇಳಿದ. ನಾನು ಒತ್ತಿದೆ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ತಿಪ್ಪಕ್ಕ ತಲೆ ಎತ್ತಿ, "ಅವ ತಿಳಿದಾವ, ಅವ ಹೇಳಿದ್ದ ಬರಕೊಳ್ರಿ ಟೀಚರಮ್ಮ. ಆದ್ರ ಈಕಿ ಊರಮ್ಮಗೂ ಕೈ ಮುಗೀತಾಳ ಅಂತ ಬಾಜೂಕ ಸಣ್ಣಗ ಒಂದು ಬರೀರಿ" ಎಂದಳು. ಮಗ ನಕ್ಕ, ನಾನೂ ನಕ್ಕೆ. ಬಾಜೂಕ ಸಣ್ಣಗೆ ಬರೆಯಲು ಆ ಫೋನಿನಲ್ಲಿ ಜಾಗವೇ ಇರಲಿಲ್ಲ.

ಒಲೆಯ ಪ್ರಶ್ನೆಯಂತೂ ಬಲು ಮೋಜಿನದು. ಒಂದು ಕಂಬದ ಮನೆಯಲ್ಲಿ ಅಣ್ಣತಮ್ಮಂದಿರ ಒಲೆಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದವು, ನಡುವೆ ಒಂದು ಗೋಣಿಚೀಲದ ಪರದೆ. ಅವರ ತಾಯಿ ಯಾವ ಒಲೆಯವಳು ಎಂದು ಕೇಳಿದೆ. ಮುದುಕಿ ಬೆರಳು ಮಡಚಿ ಎಣಿಸಿ, "ಅಮಾಸಿತನಕ ದೊಡ್ಡಾವನ ಕಡಿ, ಹುಣ್ಣಿಮಿತನಕ ಸಣ್ಣಾವನ ಕಡಿ. ಇವತ್ತು ಏನೈತಿ ನೋಡಿಕೊಂಡು ಬರಕೋ ತಾಯಿ" ಎಂದಿತು. ನಾನು ಗೋಡೆಯ ಕ್ಯಾಲೆಂಡರು ನೋಡಿ ಅವಳನ್ನು ಸಣ್ಣ ಮಗನ ಒಲೆಗೆ ಸೇರಿಸಿದೆ.

ಹೀಗೆ ಪ್ರತಿ ಮನೆಯಲ್ಲೂ ಅಡುಗೆಮನೆಯವರೆಗೆ ಹೋಗಿ ನೋಡಬೇಕು ಎಂಬುದು ನಿಯಮ. ನನ್ನ ಚಟಕ್ಕೆ ಹೇಳಿ ಮಾಡಿಸಿದ ನಿಯಮ. ಆದರೆ ಚಟ ಬೇರೆ, ನೌಕರಿ ಬೇರೆ. ಮಧ್ಯಾಹ್ನ ಎರಡರವರೆಗೆ ಶಾಲೆ, ಆಮೇಲೆ ಬಿಸಿಲಲ್ಲಿ ಓಣಿ ಓಣಿ. ಮೂರನೆಯ ದಿನಕ್ಕೆ ನನ್ನ ಎಡಗಾಲಿನ ಮಂಡಿ ಸಂಪು ಹೂಡಿತು. ಅದೇ ಹೊತ್ತಿಗೆ ಅಗಸೆಯ ಕಟ್ಟೆಯ ಮೇಲೆ ಓಬಜ್ಜ ಸಿಕ್ಕ.

ಓಬಜ್ಜ ಊರಿಗೆ ಡಂಗುರ ಸಾರುವವನು. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಅವನಿಗೆ ಇನ್ನೊಂದು ಕೆಲಸವಿದೆ. ಶ್ರಾವಣದ ಭಜನೆ ಮುಗಿದ ದಿನ ಈ ಊರಲ್ಲಿ ಎಲ್ಲ ಓಣಿಯವರೂ ಒಟ್ಟಿಗೆ ಉಣ್ಣುತ್ತಾರೆ. ಅದಕ್ಕೆ ಒಲೆಗೆ ಇಪ್ಪತ್ತೈದು ರೊಟ್ಟಿ ಎಂಬ ಕಟ್ಟಳೆ ಇದೆ. ಬಡವರಿರಲಿ, ಇದ್ದವರಿರಲಿ, ಬಾಯಿ ಹತ್ತಿರಲಿ, ಎರಡಿರಲಿ, ಒಲೆಗೆ ಇಪ್ಪತ್ತೈದು. ಓಬಜ್ಜ ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಎಣಿಸಿಕೊಂಡು ಬರುತ್ತಾನೆ. ಹಾಗಾಗಿ ಯಾವ ಮನೆಯಲ್ಲಿ ಎಷ್ಟು ಒಲೆ ಎಂಬುದು ಅವನಿಗೆ ಬಾಯಿಪಾಠ. "ಕೂಡ್ರಿ ಟೀಚರಮ್ಮ, ಯಾಕ ಕಾಲು ಸವೆಸ್ತೀರಿ? ನಾ ಹೇಳತೀನಿ, ನೀವು ಬರಕೊಳ್ರಿ" ಎಂದ. ನಾನು ಕೂತೆ. ಒಂದು ತಾಸಿನಲ್ಲಿ ಇಡೀ ಊರಿನ ಒಲೆಗಳು ಗಣತಿಗೆಂದು ನಾನು ಬರೆದುಕೊಂಡಿದ್ದ ನಕಾಶೆಯ ಮೇಲೆ ಬಂದವು.

ಅಲ್ಲಿಂದ ಮುಂದೆ ನನ್ನ ಕೆಲಸ ಸರಸರ ಸಾಗಿತು. ಮನೆಯ ಮುಂದೆ ನಿಲ್ಲುವುದು, ಓಬಜ್ಜನ ಒಲೆ ಲೆಕ್ಕಕ್ಕೆ ತಕ್ಕಂತೆ ಹೆಸರು ಕೇಳುವುದು, ಮನೆಯವರ ಫೋನಿಗೆ ಬಂದ ಓಟಿಪಿ ಒತ್ತುವುದು, ಮುಂದಿನ ಮನೆ. ಅಡುಗೆಮನೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಐವತ್ತು ವರ್ಷದ ಚಟ ಬಿಡಬೇಕಾದ ಹೊತ್ತಿಗೆ ಬಿಡದೆ, ಇರಬೇಕಾದ ಹೊತ್ತಿಗೆ ಬಿಟ್ಟು ಹೋಯಿತು ನೋಡಿ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದವಳು ನಾನೇ. ಮೇಲ್ವಿಚಾರಕರು ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರಿನ ಮುಂದೆ ಚಪ್ಪಾಳೆಯ ಚಿತ್ರ ಹಾಕಿದರು. ನಾನು ಅದನ್ನು ಮನೆಯವರಿಗೆ ತೋರಿಸಿದೆ, ನಮ್ಮ ತಂಗಿಗೆ ಕಳಿಸಿದೆ, ಬೇಡವೆಂದರೂ ಪಕ್ಕದ ಮನೆಯವರಿಗೂ ತೋರಿಸಿದೆ.

ಎರಡು ದಿನವಾದ ಮೇಲೆ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದ ಹನುಮಕ್ಕ ಸೌಟು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ಹನುಮಕ್ಕ ನಮ್ಮ ಶಾಲೆಯ ಅಡುಗೆಯವಳು. ವಯಸ್ಸು ನಲವತ್ತರ ಆಚೆ ಈಚೆ. ಮಾತು ಕಡಿಮೆ, ಉಪ್ಪು ಸರಿಯಾಗಿ ಹಾಕುತ್ತಾಳೆ.

"ಟೀಚರಮ್ಮ, ನಮ್ಮ ಮನಿಗೆ ಯಾವಾಗ ಬರತೀರಿ?" ಎಂದಳು.

"ನಿಮ್ಮ ಮನೆಗೆ ಬಂದು ಹೋದೆನಲ್ಲ ಹನುಮಕ್ಕ. ನೀನು ಇಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ನಿಮ್ಮಣ್ಣ ದುರುಗಪ್ಪ ಎಲ್ಲ ಬರೆಸಿದ. ಆರು ಜನ. ಅವನು, ಹೆಂಡತಿ ಗಂಗಮ್ಮ, ಎರಡು ಗಂಡುಮಕ್ಕಳು, ನೀನು, ನಿನ್ನ ಮಗಳು ಶಿಲ್ಪಾ."

"ಅದು ಅಣ್ಣನ ಮನಿ ಅಲ್ರೀ" ಎಂದಳು. "ನಮ್ಮ ಮನಿಗೆ ಯಾವಾಗ ಬರತೀರಿ?"

ಯಾವ ಮನೆ ಎಂದು ಕೇಳಿದೆ. ಆಮೇಲೆ ಅವಳೇ ಸಾವಕಾಶವಾಗಿ ಹೇಳಿದಳು. ಹೊಳಲಿನ ಕಡೆಯ ಊರಿಗೆ ಅವಳನ್ನು ಕೊಟ್ಟದ್ದು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಆಗ ಶಿಲ್ಪಾ ಇನ್ನೂ ನಾಲ್ಕು ವರ್ಷದ ಕೂಸು. ದುರುಗಪ್ಪನೇ ಟ್ರ್ಯಾಕ್ಟರು ತಗೊಂಡು ಹೋಗಿ, ತಂಗಿ, ಕೂಸು, ಟ್ರಂಕು ಎಲ್ಲವನ್ನೂ ಹೇರಿಕೊಂಡು ಬಂದ. ಇದಿಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು. ಮನೆಯ ಹಿಂದಿನ ದನದ ಕೊಟ್ಟಿಗೆಯ ಅರ್ಧಕ್ಕೆ ಅವಳೇ ಮಣ್ಣು ಮೆತ್ತಿ ಗೋಡೆ ಎಬ್ಬಿಸಿ, ಒಳಗೆ ಒಲೆ ಹೂಡಿಕೊಂಡು ಹದಿಮೂರು ವರ್ಷವಾಗಿತ್ತು. ತಾಯಿ ಮಗಳು ಉಣ್ಣುವುದು, ಮಲಗುವುದು ಎಲ್ಲ ಅಲ್ಲಿ.

"ಅತ್ತಿಗಿ ಏನಾರ ಅಂದ್ಲೇನು?" ಎಂದೆ. ನೋಡಿ, ಇಂಥ ಹೊತ್ತಿನಲ್ಲೂ ನನ್ನ ಮೂಗು ಅತ್ತಿಗೆ ನಾದಿನಿಯ ಜಗಳವನ್ನೇ ಹುಡುಕುತ್ತದೆ.

"ಯಾರೂ ಒಂದು ಮಾತು ಅಂದಿಲ್ರಿ. ಅನ್ನಾಕ ಮೊದಲ ಹೂಡಿದೆ" ಎಂದಳು.

ನನಗೆ ನಾಚಿಕೆಯಾಯಿತು. ಸುಮ್ಮನೆ ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ. ಹನ್ನೊಂದು ವರ್ಷ ಅವಳ ಕೈಯ ಸಾರು ಉಂಡಿದ್ದೇನೆ. ಖಾರ ಜಾಸ್ತಿ, ಬೇಳೆ ಬೆಂದಿಲ್ಲ ಎಂದು ಶರಾ ಬರೆದಿದ್ದೇನೆ. ಊರಿನ ಮಕ್ಕಳಿಗೆಲ್ಲ ಬಡಿಸಿ ಹೋದ ಮೇಲೆ ನೀನು ಎಲ್ಲಿ ಉಣ್ಣುತ್ತೀಯಮ್ಮ ಎಂದು ಒಂದು ದಿನ ಕೇಳಿದವಳಲ್ಲ. ಕೇಳು ಎಂದು ಸರ್ಕಾರವೇ ಪುಸ್ತಕ ಕೊಟ್ಟು ಕಳಿಸಿದಾಗಲೂ ಕಟ್ಟೆಯ ಮೇಲೆ ಕೂತು ಬೇರೆಯವರ ಬಾಯಿಂದ ಬರೆದುಕೊಂಡೆ.

ಆದರೂ ಟೀಚರಲ್ಲವೇ, ತಪ್ಪನ್ನು ಒಪ್ಪಿಕೊಳ್ಳುವ ಮೊದಲು ಪಾಠ ಹೇಳುವುದು ರೂಢಿ. "ಹನುಮಕ್ಕ, ಇದರಿಂದ ರೇಷನ್ ಕಾರ್ಡು ಬರುವುದಿಲ್ಲ. ಸೈಟೂ ಸಿಗುವುದಿಲ್ಲ. ಇದು ಬರೀ ಲೆಕ್ಕ" ಎಂದೆ.

"ಗೊತ್ತೈತ್ರಿ. ಅದಕ್ಕಲ್ಲ. ಕಾರ್ಡಿಗೆ ಹೋದ್ರ ನಿಮ್ಮಣ್ಣನ ಕಾರ್ಡಿನ್ಯಾಗ ಅದಿಯಲ್ಲ ಅಂತಾರ. ಸೈಟಿಗೆ ಹೋದ್ರ ನಿಮ್ಮಣ್ಣನ ಮನಿಯಾಗ ಅದಿಯಲ್ಲ ಅಂತಾರ. ಹದಿಮೂರು ವರ್ಷ ಆತು, ದಿನಾ ಹೊತ್ತಿಗೆ ಒಲಿ ಹಚ್ಚತೀನಿ. ಎಲ್ಲ್ಯಾರ ಒಂದು ಕಡಿ, ಹನುಮಕ್ಕಂದೂ ಒಂದು ಮನಿ ಅಂತ ಬರೀರಿ." ಇಷ್ಟು ಹೇಳಿ, ಯಾರೋ ಸಾರು ಕೇಳಿದರೆಂದು ಸೌಟು ಹಿಡಿದು ಹೋದಳು.

ಸಂಜೆ ಕಟ್ಟೆಯ ಹತ್ತಿರ ಹೋಗಿ ಓಬಜ್ಜನನ್ನು ಹಿಡಿದೆ. ಹನುಮಕ್ಕನ ಒಲೆಯನ್ನು ಯಾಕೆ ಬಿಟ್ಟೆ ಎಂದು ಕೇಳಿದೆ. ಅವನು ಬಿಟ್ಟಿರಲಿಲ್ಲ. ಅವನಿಗೆ ಆ ಒಲೆ ಚೆನ್ನಾಗಿ ಗೊತ್ತಿತ್ತು.

"ಆಕಿ ಪ್ರತಿ ವರ್ಷ ರೊಟ್ಟಿ ಕೊಡತಾಳ್ರಿ. ಎಣಿಸಿ ಇಪ್ಪತ್ತೈದು. ಒಂದು ವರ್ಷ ತಪ್ಪಿಸಿಲ್ಲ."

"ಮತ್ತೆ?"

"ಅವನ್ನ ದುರುಗಪ್ಪನ ಒಲಿ ಲೆಕ್ಕಕ್ಕ ಹಾಕತೀನಿ. ಹೆಣ್ಮಗಳ ಒಲಿ ಲೆಕ್ಕಕ್ಕ ಬರಂಗಿಲ್ರಿ ಟೀಚರಮ್ಮ. ನಮ್ಮಪ್ಪನ ಕಾಲದಿಂದ ಹಂಗ ಐತಿ. ಗಂಡ ಸತ್ತಾಕಿ ಆದ್ರ ಗಂಡನ ಹೆಸರಿನ್ಯಾಗ ಒಲಿ ಐತಿ ಅಂತ ಹಿಡೀತೀನಿ. ಈಕಿ ಗಂಡ ಅದಾನ, ಆದ್ರ ಇಲ್ಲ. ಏನಂತ ಹಿಡೀಲಿ?" ಮುದುಕ ನಿಜವಾಗಿಯೂ ಕೇಳುತ್ತಿದ್ದ. ಅವನಿಗೆ ಅದೊಂದು ಲೆಕ್ಕದ ತೊಡಕು, ಅಷ್ಟೇ.

ಆಗ ನನಗೆ ನೆನಪಾಯಿತು. ದುರುಗಪ್ಪನ ಮನೆಯಿಂದ ಐವತ್ತು ರೊಟ್ಟಿ ಬರುತ್ತವೆ ಎಂಬುದು ಊರಲ್ಲಿ ಹೆಸರಾದ ಸಂಗತಿ. ಗಂಗಮ್ಮನ ಕೈ ದೊಡ್ಡದು ಎಂದು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಅರ್ಧ ರೊಟ್ಟಿಗಳು ಹಾಳೆಯಷ್ಟು ತೆಳ್ಳಗಿರುತ್ತವೆ, ಅರ್ಧ ತುಸು ದಪ್ಪ. ಹೋದ ವರ್ಷ ಪಂಕ್ತಿಯಲ್ಲಿ ಕೂತು ಆ ತೆಳ್ಳನೆಯ ರೊಟ್ಟಿ ಮುರಿದು, "ಗಂಗಮ್ಮ, ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು" ಎಂದು ನಾನೇ ಕೂಗಿ ಹೇಳಿದ್ದೆ. ಗಂಗಮ್ಮ ತಲೆ ತಗ್ಗಿಸಿ ಪಲ್ಯ ಬಡಿಸಿಕೊಂಡು ಮುಂದೆ ಹೋಗಿದ್ದಳು. ವಿನಯ ಎಂದುಕೊಂಡಿದ್ದೆ.

ತಿದ್ದಬೇಕಿತ್ತು. ತಿದ್ದಬೇಕಾದರೆ ಮೇಲ್ವಿಚಾರಕರಿಗೆ ಫೋನು ಮಾಡಿ, ನಾನು ಅಡುಗೆಮನೆ ನೋಡದೆ ಬರೆದೆ ಎಂದು ಒಪ್ಪಿಕೊಳ್ಳಬೇಕಿತ್ತು. ಚಪ್ಪಾಳೆ ತಟ್ಟಿಸಿಕೊಂಡವಳಿಗೆ ಇದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ರಾತ್ರಿಯೆಲ್ಲ, ಎರಡು ಹೆಸರು ಆ ಮನೆಯಲ್ಲಿದ್ದರೇನು, ಈ ಮನೆಯಲ್ಲಿದ್ದರೇನು, ಮೊತ್ತ ಅಷ್ಟೇ ತಾನೇ ಎಂದು ನನ್ನೊಳಗೇ ವಾದ ಹೂಡಿದೆ. ಲೆಕ್ಕದ ಪ್ರಕಾರ ಆ ವಾದದಲ್ಲಿ ತಪ್ಪೇ ಇರಲಿಲ್ಲ. ಬೆಳಿಗ್ಗೆ ಎದ್ದು ಫೋನು ಮಾಡಿದೆ. ಮೇಲ್ವಿಚಾರಕರು ಒಂದೆರಡು ಮಾತು ಅಂದರು, ಅವನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ, ಭಾನುವಾರ ಸಂಜೆ ಐದರವರೆಗೆ ತಿದ್ದಬಹುದು, ಆದರೆ ಮೊದಲು ಬರೆಸಿದ ಮನೆಯ ಯಜಮಾನನೇ ಒಪ್ಪಬೇಕು, ಅವನ ಫೋನಿಗೆ ಬರುವ ಓಟಿಪಿ ಹೇಳಬೇಕು ಎಂದರು.

ಅಂದರೆ ದುರುಗಪ್ಪ ತನ್ನ ಮನೆಯಿಂದ ತಂಗಿಯ ಹೆಸರನ್ನು ತಾನೇ ತೆಗೆಸಬೇಕು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ಮುಂಬಾಗಿಲಿಗೆ ಹೋಗಲಿಲ್ಲ, ಹಿಂದಿನ ಓಣಿಯಿಂದ ಹೋದೆ. ನನ್ನ ನಕಾಶೆಯಲ್ಲಿ ಬರೀ ಗೋಡೆಯಿದ್ದ ಕಡೆ ಒಂದು ಸಣ್ಣ ಬಾಗಿಲಿತ್ತು, ಹೊಸ್ತಿಲಿಗೆ ಅರಿಶಿನ ಇತ್ತು. ಒಳಗೆ ಸಗಣಿ ಸಾರಿಸಿದ ನೆಲ, ನೆಲುವಿನಲ್ಲಿ ಎರಡು ಗಡಿಗೆ, ಮೂಲೆಯಲ್ಲಿ ಕೊಟ್ಟೂರಿಗೆ ಕಾಲೇಜಿಗೆ ಹೋಗುವ ಶಿಲ್ಪಾಳ ಪುಸ್ತಕಗಳು. ಒಲೆ ಮಣ್ಣಿನದು. ಕೆಂಪು ಬಳಿದು ಸುಣ್ಣದ ಚುಕ್ಕೆ ಇಟ್ಟಿದ್ದಳು. ಗ್ಯಾಸು ಅಣ್ಣನ ಅಡುಗೆಮನೆಯಲ್ಲಿತ್ತು, ಯಾಕೆಂದರೆ ಅದೂ ಕಾರ್ಡಿಗೊಂದೇ. ಈ ಸಲ ನಾನು ಕಣ್ಣು ತುಂಬ ನೋಡಿದೆ.

ಹನುಮಕ್ಕ ಅಣ್ಣನನ್ನು ಕರೆಸಿದಳು. ದುರುಗಪ್ಪ ನಡುವಿನ ಬಾಗಿಲಿಂದ ಬಂದು ಗೋಡೆಗೆ ಒರಗಿ ನಿಂತ, ಕೂರಲಿಲ್ಲ. ನಾನು ವಿಷಯ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಕೆಂಪಾಯಿತು.

"ಏನಂತೀರಿ ಮೇಡಂ? ನಮ್ಮ ಮನಿಯಾಗಿಂದ ತಂಗಿ ಹೆಸರು ನಾನ ತೆಗೆಸಬೇಕಾ? ಮಂದಿ ಏನಂತಾರ? ದುರುಗ ತಂಗೀನ ಹೊರಗ ಹಾಕ್ಯಾನ ಅಂತಾರ. ಆಕೀನ ಕರಕೊಂಡು ಬರಬೇಕಾದ್ರ ನಮ್ಮವ್ವಗ ಮಾತು ಕೊಟ್ಟೀನಿ. ನಾ ಇರೋತನಕ ಆಕಿ ನಮ್ಮ ಮನಿಯಾಕಿ ಅಂತ."

"ಅವ್ವಗ ಕೊಟ್ಟ ಮಾತು ನೀ ನಡಿಸೀಯಣ್ಣ. ಯಾರಿಲ್ಲಂದ್ರು?" ಎಂದಳು ಹನುಮಕ್ಕ.

"ಮತ್ಯಾಕ ಬ್ಯಾರಿ ಬರಸ್ತೀ? ಏನು ಕಡಿಮಿ ಮಾಡೀನಿ ನಿನಗ?"

"ಏನೂ ಕಡಿಮಿ ಮಾಡಿಲ್ಲ. ಅದಕ್ಕ ಕೇಳಾಕ ಹದಿಮೂರು ವರ್ಷ ಹಿಡೀತು." ಅವಳ ದನಿ ಸಣ್ಣದಾಯಿತು. "ನಾಳಿ ಶಿಲ್ಪಾನ ನೋಡಾಕ ಯಾರಾರ ಬಂದ್ರ, ನಿಮ್ಮ ಮನಿ ಯಾವುದವ್ವ ಅಂತ ಕೇಳಿದ್ರ, ಆ ಹುಡುಗಿ ಏನು ತೋರಿಸಬೇಕು? ಸೋದರಮಾವನ ಕೊಟ್ಟಿಗಿ ತೋರಿಸಬೇಕಾ? ನನಗ ಗಂಡನ ಮನಿ ಇಲ್ಲ, ಇರಲಿ. ಅಣ್ಣನ ಮನಿ ಐತಿ, ಅದೂ ಖರೇ. ನನ್ನ ಮನಿ ಅನ್ನಾದು ಒಂದು ಬ್ಯಾಡೇನಣ್ಣ?"

ನಡುಬಾಗಿಲಲ್ಲಿ ಗಂಗಮ್ಮ ನಿಂತಿದ್ದಳು, ಯಾವಾಗ ಬಂದಳೋ ಗೊತ್ತಿಲ್ಲ. ಅವಳೇ ಮೊದಲು ಬಾಯಿ ಬಿಟ್ಟಳು. "ರೊಟ್ಟಿ ಹೊಗಳಿಸಿಕೊಂಡು ಹೊಗಳಿಸಿಕೊಂಡು ನನಗೂ ಸಾಕಾಗೈತಿ. ಮುಂದಿನ ವರ್ಷದಿಂದ ಆಕಿ ರೊಟ್ಟಿ ಆಕಿ ಹೆಸರಿಗೆ ಹೋಗಲಿ" ಎಂದಳು. ಗಂಡನ ಮುಖ ನೋಡಲಿಲ್ಲ.

ನಾನು ಫೋನಿನಲ್ಲಿ ಒತ್ತಿದೆ. ದುರುಗಪ್ಪನ ಜೇಬಿನಲ್ಲಿ ಸದ್ದಾಯಿತು. ಅವನು ಫೋನು ಹೊರತೆಗೆದು ಬಹಳ ಹೊತ್ತು ನೋಡಿದ. ಅಲ್ಲಿದ್ದದ್ದು ಆರೇ ಅಂಕಿ. ಅದೂ ಹೆಚ್ಚು ಹೊತ್ತು ಇರುವುದಿಲ್ಲ ಎಂದು ನನಗೆ ಒಳಗೊಳಗೇ ಚಡಪಡಿಕೆ, ಆದರೆ ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ಕೊನೆಗೆ ಅವನು ಕೈ ಮುಂದೆ ಚಾಚಿ, "ಕನ್ನಡಕ ತಂದಿಲ್ಲ. ನೀನ ಓದು" ಎಂದು ಫೋನನ್ನು ತಂಗಿಯ ಕೈಗೆ ಕೊಟ್ಟ. ಕನ್ನಡಕ ಅವನ ಅಂಗಿಯ ಜೇಬಿನಲ್ಲೇ ಇತ್ತು, ಮೂವರಿಗೂ ಕಾಣುತ್ತಿತ್ತು.

ಹನುಮಕ್ಕ ಒಂದೊಂದೇ ಅಂಕಿ ಓದಿದಳು. ನಾನು ಒತ್ತಿದೆ. ದುರುಗಪ್ಪನ ಮನೆಯ ಆರು ಜನ ನಾಲ್ಕಾದರು. ಅವನು ತಿರುಗಿ ನಡುಬಾಗಿಲಿಂದ ಹೊರಟೇ ಹೋದ. ಹನುಮಕ್ಕನ ಕೈಯಲ್ಲಿ ಅವನ ಫೋನು ಹಾಗೇ ಉಳಿದಿತ್ತು. ಗಂಗಮ್ಮ, "ಹೋಗಲಿ ಬಿಡು, ಬರತಾನ" ಎಂದಳೇ ಹೊರತು ಅವಳಿಗೂ ಧೈರ್ಯವಿದ್ದಂತೆ ಕಾಣಲಿಲ್ಲ. ನನಗಂತೂ, ಒಂದು ಮನೆ ಮಾಡಲು ಹೋಗಿ ಇದ್ದ ಮನೆಯನ್ನೂ ಒಡೆದೆನಲ್ಲ ದೇವರೇ ಅನ್ನಿಸಿಬಿಟ್ಟಿತು.

ಹೊಸ ಮನೆ ಎಂದು ಒತ್ತಿದೆ. ಪ್ರಶ್ನೆಗಳು ಬಂದವು. ಯಜಮಾನರ ಹೆಸರು. "ಹನುಮಕ್ಕ" ಎಂದಳು, ಯಾರಾದರೂ ತಡೆಯುತ್ತಾರೇನೋ ಎಂಬಂತೆ ತಡೆದು ತಡೆದು. ಸದಸ್ಯರು ಎಷ್ಟು. ಇಬ್ಬರು. ಗೋಡೆ ಮಣ್ಣಿನದು, ಚಾವಣಿ ತಗಡಿನದು, ಕೋಣೆ ಒಂದು, ಒಲೆ ಸೌದೆಯದು. ಒಂದೊಂದಕ್ಕೂ ಅವಳು ಪರೀಕ್ಷೆಗೆ ಕೂತವಳಂತೆ ಸೆರಗು ಸರಿಮಾಡಿಕೊಂಡು ಉತ್ತರ ಹೇಳಿದಳು.

ಕೊನೆಯ ಎರಡು ಪ್ರಶ್ನೆ ಉಳಿದಿದ್ದವು. ಹಿಂದಿನ ಓಣಿಯ ಕಡೆ ಹೆಜ್ಜೆ ಸಪ್ಪಳವಾಯಿತು. ಯಾರೋ ಬಾಗಿಲ ಚಿಲಕವನ್ನು ಬೆರಳಿನಿಂದ ಎರಡು ಸಲ ಬಡಿದರು.

ದುರುಗಪ್ಪ. ಮುಖ ತೊಳೆದು ಒಗೆದ ಅಂಗಿ ಹಾಕಿದ್ದ, ಹೆಗಲಿಗೆ ಹೊಸ ಟವೆಲು. ಕೈಯಲ್ಲಿ ಚೀಲ, ಅದರೊಳಗಿಂದ ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಹಸಿರು ಕುಪ್ಪಸದ ಬಟ್ಟೆ ಇಣುಕುತ್ತಿದ್ದವು. ನಮ್ಮ ಕಡೆ ಅಣ್ಣನಾದವನು ತಂಗಿಯ ಮನೆಗೆ ಬರಿಗೈಲಿ ಹೋಗುವುದಿಲ್ಲ. ನಾಗರಪಂಚಮಿ ಬಂದರೆ ಈ ಊರಿನ ಗಂಡಸರೆಲ್ಲ ಹೀಗೆಯೇ ಒಂದು ಚೀಲ ಹಿಡಿದು ಹಡಗಲಿ, ಮಾಗಳ, ಹರಪನಹಳ್ಳಿ ಎಂದು ಬಸ್ಸು ಹತ್ತುತ್ತಾರೆ. ದುರುಗಪ್ಪನಿಗೆ ಇರುವುದು ಒಬ್ಬಳೇ ತಂಗಿ. ಅವಳು ಅವನ ಮನೆಯಲ್ಲೇ ಇದ್ದಳು. ಇಷ್ಟು ವರ್ಷ ಆ ದಿನ ಅವನು ಎಲ್ಲಿಗೂ ಹೋಗಿರಲಿಲ್ಲ.

ಹೊಸ್ತಿಲಾಚೆ ನಿಂತುಕೊಂಡೇ, ಬಹಳ ದೂರದ ಊರಿಂದ ಬಂದವನ ದನಿಯಲ್ಲಿ ಕರೆದ. "ಹನುಮಕ್ಕಾ, ಮನಿಯಾಗ ಅದಿಯೇನವ್ವಾ?"

ಹನುಮಕ್ಕ ಎದ್ದಳು. ಕಣ್ಣೊರೆಸಿಕೊಂಡಳು. ಗಡಿಗೆಯಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡು ಬಾಗಿಲಿಗೆ ಹೋಗಿ ಅಣ್ಣನ ಕೈಗೆ ಕೊಟ್ಟು, "ಅದೀನಿ. ಕಾಲು ತೊಳಕೊಂಡು ಒಳಗ ಬಾ ಅಣ್ಣ" ಎಂದಳು.

ಆ ದಿನ ಸಂಜೆ ಐದಕ್ಕೆ ಮೊದಲು ನಾನು ಕಳಿಸಿದ ಲೆಕ್ಕದಲ್ಲಿ ಊರಿನ ಜನಸಂಖ್ಯೆ ಇದ್ದಷ್ಟೇ ಇತ್ತು, ಒಂದು ತಲೆ ಹೆಚ್ಚಲಿಲ್ಲ, ಒಂದು ಇಳಿಯಲಿಲ್ಲ. ದುರುಗಪ್ಪನಿಗೆ ಮಾತ್ರ, ಹಬ್ಬಕ್ಕೆ ಹೋಗಿ ಬರಲು ಒಂದು ತಂಗಿಯ ಮನೆ ಆಯಿತು.